ಫಕೀರಪ್ಪ ಕಾಕಾನ ಕಲ್ಲು ಉಗುಳಿಸಿದ್ದು

ಈ ವರ್ಷದ ಆಟಕ್ಕೆ ನನ್ನ ಹೆಸರು ಎತ್ತಿದ್ದಾರೆ ಎಂದು ಓಣಿಯವರು ಕೂಗುತ್ತ ಬಂದಾಗ ನಾನು ಹಪ್ಪಳದ ಹಿಟ್ಟು ಕುಟ್ಟುತ್ತಿದ್ದೆ. ಒನಕೆ ಕೈಜಾರಿ ಕಾಲ ಹೆಬ್ಬೆರಳಿನ ಪಕ್ಕಕ್ಕೇ ಬಿತ್ತು. ನನ್ನ ಅತ್ತೆ ಗುರವ್ವ ಒಲೆಯ ಮುಂದಿನಿಂದ ಎದ್ದು ಬಂದು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಇವಳ ಕೈಗೆ ನಮ್ಮ ಓಣಿ ಸಿಕ್ಕಿತಲ್ಲಪ್ಪ ಎಂದು ದೇವರಿಗೆ ಹೇಳಿದಳು. ನನಗೆ ಏನಾದರೂ ಮುಟ್ಟಿಸಬೇಕಿದ್ದರೆ ಅವಳು ದೇವರ ಕಡೆಯಿಂದಲೇ ಮುಟ್ಟಿಸುವವಳು. ನನಗೆ ಹೆದರಿಕೆ ಇತ್ತು, ಸುಳ್ಳೇಕೆ ಹೇಳಲಿ, ಆದರೆ ಖುಷಿ ಅದಕ್ಕಿಂತ ಒಂದು ಹಿಡಿ ಹೆಚ್ಚೇ ಇತ್ತು.

ನಮ್ಮ ಊರಿನಲ್ಲಿ ಬಿಸಿಲು ಕಲ್ಲಿನ ಮಾತು ಕೇಳುತ್ತದೆ. ಊರ ಚೌಕಿಯಲ್ಲಿ ಒಂದು ಹಾಸುಬಂಡೆ ಇದೆ. ಊರಿನ ಓಣಿಗಳು ಹೇಗಿವೆಯೋ ಹಾಗೆ ಅದರ ಮೇಲೆ ಅಡ್ಡಗೆರೆ, ಉದ್ದಗೆರೆ ಕೊರೆದಿದ್ದಾರೆ. ವರ್ಷಕ್ಕೊಮ್ಮೆ ಅಲ್ಲಿ ಸುತ್ತುಗಲ್ಲು ಆಡುತ್ತಾರೆ. ಒಬ್ಬರಿಗೆ ಬಿಳಿಕಲ್ಲು, ಇನ್ನೊಬ್ಬರಿಗೆ ಕರಿಕಲ್ಲು. ಗೆರೆಗಳು ಕೂಡುವಲ್ಲಿ ಸರದಿಯಂತೆ ಒಂದೊಂದು ಕಲ್ಲು ಇಡುತ್ತ ಹೋಗಬೇಕು. ಒಮ್ಮೆ ಇಟ್ಟ ಕಲ್ಲನ್ನು ಸರಿಸುವ ಹಾಗಿಲ್ಲ. ಸುತ್ತಲೂ ಮುತ್ತಿಗೆ ಬಿದ್ದು ಉಸಿರು ಕಟ್ಟಿದ ಕಲ್ಲು ಸತ್ತಂತೆ, ಅದನ್ನು ಎತ್ತಿಬಿಡುತ್ತಾರೆ. ಆದರೆ ಒಂದು ಗುಂಪಿನ ಒಳಗೆ ಕಣ್ಣು ಎನ್ನುವ ಖಾಲಿ ಜಾಗ ಎರಡು ಉಳಿದವೋ, ಆ ಗುಂಪನ್ನು ಯಾರ ಅಪ್ಪನೂ ಕೊಲ್ಲಲಾರ. ಆಟದ ಮರುದಿನದಿಂದ ಬಿಳಿಕಲ್ಲು ಹಿಡಿದ ಓಣಿಗಳಿಗೆ ಬಿಸಿಲು, ಕರಿಕಲ್ಲು ಹಿಡಿದ ಓಣಿಗಳಿಗೆ ನೆರಳು, ಮುಂದಿನ ಆಟದವರೆಗೆ. ಗೆದ್ದವರು ಯಾರು ಎಂದು ನಮ್ಮಲ್ಲಿ ಕೇಳುವುದಿಲ್ಲ. ನಿಮ್ಮ ಓಣಿಗೆ ಏನು ಬಂತು ಎಂದು ಕೇಳುತ್ತಾರೆ.

ನೆರಳು ಕೆಟ್ಟದ್ದು ಎಂದು ಮಾತ್ರ ತಿಳಿಯಬೇಡಿ. ಬಿಸಿಲು ಬಿದ್ದರೆ ನೇಕಾರರ ನೂಲು ಒಣಗಿ ಪಟಪಟನೆ ಹರಿಯುತ್ತದೆ, ಎಲೆಬಳ್ಳಿಯವರ ವೀಳ್ಯದೆಲೆ ಬಳ್ಳಿಯಲ್ಲೇ ಬಾಡುತ್ತದೆ. ಅವರೆಲ್ಲ ಕರಿಕಲ್ಲಿನ ಮಂದಿ. ಹಪ್ಪಳದವರು, ಕುಂಬಾರರು, ಬಟ್ಟೆಗೆ ಬಣ್ಣ ಹಾಕುವವರು ಬಿಳಿಕಲ್ಲಿನ ಮಂದಿ. ಆಟ ಹತ್ತಿರ ಬಂತೆಂದರೆ ಊರಿನಲ್ಲಿ ಮದುವೆಯ ಮಾತುಕತೆ ನಿಂತುಹೋಗುತ್ತದೆ, ಹುಡುಗಿಯನ್ನು ಬಿಸಿಲಿಗೆ ಕೊಡುತ್ತಿದ್ದೇವೋ ನೆರಳಿಗೆ ಕೊಡುತ್ತಿದ್ದೇವೋ ತಿಳಿಯಬೇಕಲ್ಲ. ಆಟದ ಮರುದಿನ ಬೆಕ್ಕುಗಳು ಮರಿಗಳನ್ನು ಕಚ್ಚಿಕೊಂಡು ಓಣಿ ಬದಲಿಸುತ್ತವೆ. ನೆರಳಿನ ಓಣಿಯ ಹುಂಜಗಳು ವರ್ಷವಿಡೀ ಅಂದಾಜಿನ ಮೇಲೆ ಕೂಗುತ್ತವೆ, ಅವುಗಳನ್ನು ನಂಬಿ ಎದ್ದವರು ಮತ್ತೆ ಮಲಗುತ್ತಾರೆ.

ನಮ್ಮ ಹಪ್ಪಳದ ಓಣಿ ಇರುವುದು ಬಂಡೆಯ ಒಂದು ಮೂಲೆಯಲ್ಲಿ. ಹೋದ ವರ್ಷವೂ ಅದರ ಹಿಂದಿನ ವರ್ಷವೂ ನಮಗೆ ನೆರಳೇ ಬಂದಿತ್ತು. ಒಲೆಯ ಮೇಲೆ ತಟ್ಟಿ ಕಟ್ಟಿ ಹೊಗೆಯಲ್ಲಿ ಹಪ್ಪಳ ಒಣಗಿಸಿದೆವು. ಕರಿದಾಗ ಅದರಿಂದ ಹೊಗೆಯ ವಾಸನೆ ಬಂದು, ಕೊಂಡವರು ಮೂಗು ಮುರಿದರು. ಮೂರು ವರ್ಷ ಒಂದೇ ಸಮನೆ ನೆರಳು ಬಿದ್ದ ಓಣಿಯನ್ನು ಎಲೆಬಳ್ಳಿಯವರಿಗೆ ಬಿಟ್ಟು ಹೋಗಬೇಕು ಎನ್ನುವುದು ಊರಿನ ಕಟ್ಟಳೆ. ಈ ಸಲ ಮೂಲೆ ಕೈಬಿಟ್ಟರೆ ನಮ್ಮ ಮನೆಗಳೂ ಕೈಬಿಟ್ಟಂತೆ. ಅಂಥ ವರ್ಷವೇ ನನ್ನ ಹೆಸರು ಬಂದಿತ್ತು.

ಈ ಬಂಡೆಯ ಮೇಲೆ ಯಾರೂ ಜನ್ಮದಲ್ಲಿ ಎರಡು ಸಲ ಆಡುವ ಹಾಗಿಲ್ಲ. ಆದ್ದರಿಂದ ಆಡುವವರು ಯಾವಾಗಲೂ ಹೊಸಬರು, ಆಡಿ ಪಳಗಿದವರೆಲ್ಲ ಸುತ್ತ ಕುಳಿತಿರುತ್ತಾರೆ. ಹಾಗೆ ಕುಳಿತ ಹಿರಿಯರಲ್ಲಿ ಒಬ್ಬೊಬ್ಬರಿಗೂ ಒಂದೇ ಒಂದು ಸಲಹೆ ಕೊಡುವ ಹಕ್ಕು. ಹೇಳಿದ ಕೂಡಲೇ ತಮ್ಮ ಬಣ್ಣದ ಒಂದು ಕಲ್ಲನ್ನು ಬಾಯಿಗೆ ಹಾಕಿಕೊಂಡು ಆಟ ಮುಗಿಯುವವರೆಗೆ ಸುಮ್ಮನಿರಬೇಕು. ಅವರು ಹೇಳಿದಂತೆ ಆಡದಿದ್ದರೆ ಮಾತ್ರ ಕಲ್ಲು ತೆಗೆದು ಇನ್ನೊಮ್ಮೆ ಮಾತಾಡಬಹುದು. ಆದರೆ ಹಿರಿಯರ ಕಲ್ಲು ಉಗುಳಿಸುವುದೆಂದರೆ ಕಪಾಳಕ್ಕೆ ಹೊಡೆದುದಕ್ಕಿಂತ ಹೆಚ್ಚು. ಅಜ್ಜನ ಕಲ್ಲು ಉಗುಳಿಸಿದರೆಂದು ಮೊಮ್ಮಕ್ಕಳವರೆಗೆ ಮಾತುಬಿಟ್ಟ ಮನೆಗಳು ನಮ್ಮಲ್ಲಿವೆ. ಹಾಗಾಗಿ ಹೊಸಬರು ಹೂಂ ಎಂದು ಹೇಳಿದಲ್ಲಿ ಇಟ್ಟುಬಿಡುತ್ತಾರೆ.

ಹೆಸರು ಬಂದ ದಿನದಿಂದ ನಮ್ಮ ಕಟ್ಟೆಯ ಮೇಲೆ ಪಾಠ ಹೇಳುವವರ ಸಂತೆ ನೆರೆಯಿತು. ಆಗ ನಾನೊಂದು ಮೋಜು ಕಂಡೆ. ಆಟದಲ್ಲಿ ನನಗಿಂತ ಒಂದು ಬೆರಳು ಮೇಲಿದ್ದವರಿಗೆ ಎಲ್ಲವೂ ಗೊತ್ತಿತ್ತು. ಬಂಡೆಯ ಮೇಲಿನ ತನ್ನ ಆಟ ಆಡಿ ಮುಗಿಸಿದ್ದ ಪಕ್ಕದ ಮನೆಯ ಸಂಗನಬಸು ನನ್ನೆದುರು ಗೆದ್ದಷ್ಟೇ ಸೋಲುವವನು, ಆದರೂ ಎದುರಾಳಿಯ ಕಲ್ಲುಗಳ ನಡುವೆ ನುಗ್ಗಿ ಕಂಡಲ್ಲಿ ಕಡಿ, ಯೋಚನೆ ಮಾಡಬೇಡ ಎಂದು ಬೆರಳೆತ್ತಿ ಹೇಳುತ್ತಿದ್ದ. ಅವನಿಗಿಂತ ಮೇಲಿನವರು, ಕಡಿಯುವುದು ಸರಿ, ಆದರೆ ಬೆನ್ನ ಹಿಂದೆ ನೋಡಿಕೊಂಡು ಕಡಿ ಎನ್ನುತ್ತಿದ್ದರು. ಎಲ್ಲರಿಗಿಂತ ಮೇಲಿದ್ದ ಕುಂಬಾರ ಓಣಿಯ ಫಕೀರಪ್ಪ ಕಾಕಾನನ್ನು ಕೇಳಿದರೆ ಮಣ್ಣು ಮೆತ್ತಿದ ಕೈಯಲ್ಲಿ ಗಡ್ಡ ಕೆರೆದುಕೊಂಡು, ‘ಆಟದಾಗ ನೋಡೂಣು’ ಎಂದಷ್ಟೇ ಹೇಳಿದ. ಮೇಲೆ ಹೋದಷ್ಟೂ ಮಾತು ಕಡಿಮೆ. ಅಷ್ಟು ದೂರ ನಡೆದು ಹೋಗಿ ಇಷ್ಟೇ ಕೇಳಿಸಿಕೊಂಡು ಬಂದೆಯಾ ಎಂದು ಅತ್ತೆ ದೇವರ ಮುಖಾಂತರ ಹಂಗಿಸಿದಳು.

ಹಾಗೆ ನೋಡಿದರೆ ನನಗೆ ಆಟ ಕಲಿಸಿದವಳು ಅವಳೇ. ಹಿಟ್ಟು ಕುಟ್ಟಿ ದಣಿದಾಗ ಹೊಸ್ತಿಲ ಮುಂದೆ ರಂಗೋಲಿ ಹಿಟ್ಟಿನಲ್ಲಿ ಗೆರೆ ಎಳೆದು, ಹುಣಸೆಬೀಜ ಅವಳಿಗೆ, ಅವರೆಕಾಳು ನನಗೆ. ಹೊಸ್ತಿಲ ಮುಂದೆ ಇಡೀ ಊರಿಗೆ ಜಾಗವೆಲ್ಲಿ? ಒಂದು ಮೂಲೆ ಅಷ್ಟೇ ಹಿಡಿಸುತ್ತಿತ್ತು. ಹೀಗೆ ನಾನು ಮದುವೆಯಾಗಿ ಬಂದ ಲಾಗಾಯ್ತು ಆಡಿದ್ದೆಲ್ಲ ಮೂಲೆಯ ಜಗಳವೇ, ಆಟದಲ್ಲೂ ಮನೆಯಲ್ಲೂ.

ಆಟದ ದಿನ ಬೆಳಗಾಗುತ್ತಲೇ ಚೌಕಿ ತುಂಬಿತು. ನನ್ನೆದುರು ನೇಕಾರ ಓಣಿಯ ನಿಂಗರಾಜ, ಹೊಸ ಧೋತರ ಉಟ್ಟು ಮದುಮಗನಂತೆ ಕುಳಿತಿದ್ದ. ಅವನು ಬಟ್ಟಲಿನ ಕಲ್ಲುಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದುದನ್ನು ಕಂಡು ನನಗೆ ಧೈರ್ಯ ಬಂತು. ಮೊದಲ ಕಲ್ಲುಗಳು ಸರಾಗವಾಗಿ ಬಿದ್ದವು. ಅಷ್ಟರಲ್ಲಿ ಸಂಗನಬಸುವಿಗೆ ತಡೆಯಲಾಗಲಿಲ್ಲ. ನಿಂಗರಾಜನ ಎರಡು ಕಲ್ಲುಗಳ ನಡುವೆ ಬೆರಳು ತೋರಿಸಿ, ಇಲ್ಲಿ ಕಡಿ ಎಂದು ಕೂಗಿ, ಬಿಳಿಕಲ್ಲೊಂದನ್ನು ಬಾಯಿಗೆ ಹಾಕಿಕೊಂಡ. ಕಡಿದೆ. ಬಣ್ಣದ ಓಣಿಯ ಹತ್ತಿರದ ನಡೆ ಅದು, ಸುತ್ತಲಿನವರು ಭೇಷ್ ಎಂದರು. ನಿಜಕ್ಕೂ ಒಳ್ಳೆಯ ನಡೆಯೇ ಇದ್ದೀತು. ಆದರೆ ನಿಂಗರಾಜ ಅದಕ್ಕೆ ಎದುರುಕಲ್ಲು ಇಟ್ಟಾಗ ಮುಂದೇನು ಎಂದು ನನಗೆ ಸುತರಾಂ ತಿಳಿಯಲಿಲ್ಲ. ಸಂಗನಬಸುವಿನ ಕಡೆ ನೋಡಿದೆ. ಅವನು ಕೆನ್ನೆ ಉಬ್ಬಿಸಿಕೊಂಡು ಕಣ್ಣನ್ನು ಎಡಕ್ಕೆ ಹೊರಳಿಸಿದ. ಎಡಕ್ಕೆ ಇಟ್ಟೆ. ಅವನು ಹಣೆ ಹಣೆ ಬಡಿದುಕೊಂಡ. ಅವನು ನೋಡಿದ್ದು ನೊಣವನ್ನಂತೆ, ಆಮೇಲೆ ಹೇಳಿದ. ನನ್ನ ಕಲ್ಲುಗಳು ಸತ್ತು, ಬಣ್ಣದ ಓಣಿಯ ಅರ್ಧ ನೆರಳಿಗೆ ಹೋಯಿತು.

ಅವನ ನಡೆ ಒಳ್ಳೆಯದೇ ಇರಬಹುದು, ಅದರ ಮುಂದಿನ ನಡೆ ಅವನ ಬಾಯೊಳಗೆ ಉಳಿದಿತ್ತು. ನನಗೆ ಸಿಟ್ಟು ಬಂತು, ಅವನ ಮೇಲಲ್ಲ, ಹೂಂ ಎಂದ ನನ್ನ ಮೇಲೆ. ಇಷ್ಟಾದರೂ ನಮ್ಮ ಕಡೆಯ ಹಿರಿಯರು ಒಬ್ಬರಾದ ಮೇಲೆ ಒಬ್ಬರು ಹೇಳಿದರು, ನಾನೂ ಕಲ್ಲು ಉಗುಳಿಸುವ ಧೈರ್ಯವಿಲ್ಲದೆ ಹೇಳಿದಲ್ಲಿ ಇಟ್ಟೆ. ಕೆಲವು ಕೂಡಿಬಂದವು, ಕೆಲವು ಕೈಕೊಟ್ಟವು. ನಿಂಗರಾಜನ ಪಾಡು ನನ್ನದಕ್ಕಿಂತ ಕಷ್ಟವಿತ್ತು. ಅವನ ಕಡೆಯವರು ಹೇಳಿದ್ದೆಲ್ಲವನ್ನೂ ಆಡಿ ಆಡಿ ಅವನ ಕಲ್ಲುಗಳು ಒಂದಕ್ಕೊಂದು ಗುರುತಿಲ್ಲದ ನೆಂಟರ ಹಾಗೆ ಕುಳಿತಿದ್ದವು. ಮಧ್ಯಾಹ್ನದ ಹೊತ್ತಿಗೆ ಚೌಕಿಯ ಎರಡೂ ಕಡೆ ಕೆನ್ನೆ ಉಬ್ಬಿದವರೇ ತುಂಬಿದ್ದರು. ಅವನ ಕಡೆ ಒಬ್ಬ ಮುದುಕನ ಬಾಯಿ ಖಾಲಿ ಇತ್ತು, ನಮ್ಮ ಕಡೆ ಫಕೀರಪ್ಪ ಕಾಕಾನದು.

ಆ ಹೊತ್ತಿಗೇ ಮೂಲೆಗೆ ಬೆಂಕಿ ಹತ್ತಿತು. ನಮ್ಮ ಓಣಿಯನ್ನು ಹಿಡಿದಿದ್ದ ನನ್ನ ಬಿಳಿಕಲ್ಲುಗಳ ಸುತ್ತ ನಿಂಗರಾಜ ಕರಿಕಲ್ಲಿನ ಗೋಡೆ ಕಟ್ಟಿದ್ದ. ಒಳಗೆ ನನಗೆ ಒಂದು ಕಣ್ಣು ಖಾತ್ರಿ ಇತ್ತು, ಇನ್ನೊಂದು ಬೇಕಿತ್ತು. ನನ್ನ ಮೈಯೆಲ್ಲ ಕಣ್ಣಾಯಿತು. ಇಲ್ಲಿ ಇಟ್ಟರೆ ಅವನು ಅಲ್ಲಿ, ಅಲ್ಲಿಟ್ಟರೆ ನಾನು ಇಲ್ಲಿ, ಹುಣಸೆಬೀಜ, ಅವರೆಕಾಳು, ಹುಣಸೆಬೀಜ. ಬಂಡೆಯ ಅಂಚಿನ ಗೆರೆಯಲ್ಲಿ ಒಂದು ಜಾಗ ಫಕ್ಕನೆ ಕಂಡಿತು. ಅಲ್ಲಿ ಕಲ್ಲಿಟ್ಟರೆ ಅವನು ಹೊರಗಿನಿಂದ ತಡೆದರೂ ನನಗೆ ಕಣ್ಣು, ಬದಿಯಿಂದ ಒತ್ತಿದರೂ ನನಗೆ ಕಣ್ಣು. ಮತ್ತೊಮ್ಮೆ ಕೊನೆಯತನಕ ನಡೆದು ನೋಡಿದೆ, ಸರಿಯಿತ್ತು. ಬಟ್ಟಲಿಗೆ ಕೈ ಹಾಕಿ ಕಲ್ಲು ಹಿಡಿದೇಬಿಟ್ಟಿದ್ದೆ, ಆಗ ಫಕೀರಪ್ಪ ಕಾಕಾ ಕೆಮ್ಮಿದ.

‘ರುದ್ರವ್ವ, ಮೂಲಿ ಬಿಡವ್ವ. ಅದು ಸತ್ತೈತಿ. ನಡುವ ಇಡು, ನಡುವ ದೊಡ್ಡದೈತಿ’ ಎಂದು ಹೇಳಿ ಅವನು ಕಲ್ಲನ್ನು ಬಾಯಿಗೆ ಹಾಕಿಕೊಂಡ.

ನಡುವೆ ಇರುವುದು ಕುಂಬಾರ ಓಣಿ. ಅದು ಹೊಳೆಯಲು ಯಾರಿಗೂ ತಡವಾಗಲಿಲ್ಲ. ನಮ್ಮ ಓಣಿಯ ಹೆಂಗಸರಲ್ಲಿ ಗುಸುಗುಸು ಎದ್ದಿತು: ಹೌದಪ್ಪಾ, ತನ್ನ ಓಣಿ ತನಗೆ ದೊಡ್ಡದು. ನನಗೂ ಒಮ್ಮೆ ಹಾಗೇ ಅನಿಸಿತು. ಅವನ ಮುಖ ನೋಡಿದೆ. ಅವನು ನನ್ನನ್ನೂ ನೋಡುತ್ತಿರಲಿಲ್ಲ, ಮಂದಿಯನ್ನೂ ನೋಡುತ್ತಿರಲಿಲ್ಲ, ಬಂಡೆಯೊಳಗೆ ಮುಳುಗಿಹೋಗಿದ್ದ. ಆಟ ಮುಂದಿದ್ದರೆ ಊಟ ಮರೆಯುವ ಮನುಷ್ಯ ಅವನು. ಸುಳ್ಳು ಹೇಳಿದ ಮುಖ ಅದಲ್ಲ ಎನಿಸಿತು, ಅದರಿಂದ ಹೆದರಿಕೆ ಇನ್ನಷ್ಟಾಯಿತು. ಸ್ವಾರ್ಥಿಯಾಗಿದ್ದರೆ ಅವನ ಮಾತನ್ನು ಸಲೀಸಾಗಿ ಕೊಡವಿಹಾಕಬಹುದಿತ್ತು. ಅವನು ಕಂಡದ್ದನ್ನೇ ಹೇಳಿದ್ದರೆ, ಊರಿಗೇ ದೊಡ್ಡ ಆಟಗಾರನಿಗೆ ಸತ್ತಂತೆ ಕಂಡ ಮೂಲೆ ನನಗೆ ಮಾತ್ರ ಬದುಕಿದಂತೆ ಹೇಗೆ ಕಾಣುತ್ತದೆ?

ನಾನು ನಡುವನ್ನು ನೋಡಿದೆ. ಅಲ್ಲಿ ಕಲ್ಲಿಡಬಹುದು, ಇಟ್ಟ ಮೇಲೆ? ನಿಂಗರಾಜ ಬಲಕ್ಕೆ ಬಂದರೆ? ಮೇಲಿಂದ ಬಂದರೆ? ಏನೂ ಕಾಣಲಿಲ್ಲ, ಮಂಜು ಕವಿದ ಬಯಲು. ಆ ನಡೆಯ ಮುಂದಿನ ದಾರಿ ಗೊತ್ತಿದ್ದವನ ಬಾಯಲ್ಲಿ ಕಲ್ಲಿತ್ತು. ಮೂಲೆಯನ್ನು ನೋಡಿದರೆ ಅದರ ಸಂದಿಗೊಂದಿಯೆಲ್ಲ ನಾನು ಬರಿಗಾಲಲ್ಲಿ ಓಡಾಡಿದ ಜಾಗ. ಕಾಕಾನ ನಡೆ ಕಾಕಾ ಆಡಿದರೆ ದೊಡ್ಡದು. ನಾನು ಆಡಿದರೆ ಅದು ಸಂಗನಬಸುವಿನ ನೊಣವೇ ಆಗುತ್ತದೆ. ಕೈ ತಾನೇ ಹೋಯಿತು. ಮೂಲೆಯ ಅಂಚಿನಲ್ಲಿ ಕಲ್ಲು ಟಕ್ಕೆಂದಿತು.

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಫಕೀರಪ್ಪ ಕಾಕಾ ಎರಡು ಬೆರಳು ಬಾಯಿಗಿಟ್ಟು ಕಲ್ಲು ತೆಗೆದ, ಧೋತರದ ತುದಿಗೆ ಒರೆಸಿದ, ಮೊಳಕಾಲ ಮೇಲೆ ಇಟ್ಟುಕೊಂಡ. ಅವನ ಜನ್ಮದಲ್ಲಿ ಯಾರೂ ಅವನ ಕಲ್ಲು ಉಗುಳಿಸಿರಲಿಲ್ಲ. ಅವನ ಹಿರಿಮಗ ಹಿಂದಿನಿಂದ ಎದ್ದು ನಿಂತು ತೋಳೇರಿಸಿದ. ಕಾಕಾ ತಿರುಗಿ ನೋಡದೆ ಕೈಯೆತ್ತಿ ಕೂರಿಸಿದ. ನನ್ನ ಕಿವಿ ಸುಡುತ್ತಿತ್ತು, ಆದರೂ ಕಲ್ಲಿಟ್ಟ ಬೆರಳಿನಲ್ಲಿ ಒಂದು ಜುಮ್ಮೆನ್ನುವ ಸುಖ. ಆ ದಿನ ನಾನೇ ಆಡಿದ್ದೆಂದು ಹೇಳಬಹುದಾದ ನಡೆ ಅದೊಂದೇ.

ಸುಖ ಬಹಳ ಹೊತ್ತು ನಿಲ್ಲಲಿಲ್ಲ. ನಿಂಗರಾಜ ತಡೆಯಲೋ ಒತ್ತಲೋ ಎಂದು ಒದ್ದಾಡುತ್ತಿದ್ದಾಗ ಅವನ ಕಡೆ ಉಳಿದಿದ್ದ ಮುದುಕ ಬಾಯಿ ತೆರೆದು, ಒಳಗೇ ಇಡು ಎಂದ. ನಿಂಗರಾಜ ಕರಿಕಲ್ಲನ್ನು ನನ್ನ ಗುಂಪಿನ ಹೊಟ್ಟೆಯೊಳಗೇ ಇಟ್ಟುಬಿಟ್ಟ, ನಾನು ಕಣ್ಣು ಮಾಡಬೇಕೆಂದಿದ್ದ ಜಾಗದಲ್ಲೇ. ತಡೆಯುವುದನ್ನು ನೋಡಿದ್ದೆ, ಒತ್ತುವುದನ್ನು ನೋಡಿದ್ದೆ, ಈ ಮೂರನೆಯದನ್ನು ನೋಡಿರಲಿಲ್ಲ. ನಮ್ಮ ಓಣಿಯ ಮನೆಗಳು ಸಾಲಾಗಿ ಕಣ್ಮುಂದೆ ಬಂದವು, ಅವುಗಳ ಮಾಳಿಗೆಯ ಮೇಲೆ ಎಲೆಬಳ್ಳಿ ಹಬ್ಬುವುದೂ ಕಂಡಿತು. ಒಂದೇ ಆಸೆ ಉಳಿದಿತ್ತು. ಆ ಕರಿಕಲ್ಲು ನನ್ನ ಕಲ್ಲುಗಳ ನಡುವೆ ಸಿಕ್ಕಿತ್ತು, ಈಗಲೇ ಮುತ್ತಿ ಎತ್ತಿಬಿಡಬಹುದಿತ್ತು. ಬೇರೇನೂ ತೋಚದೆ ಅದನ್ನು ತಿನ್ನಲು ಕಲ್ಲು ಎತ್ತಿದೆ.

‘ತಿನ್ನಬ್ಯಾಡ.’

ಎಲ್ಲರೂ ತಿರುಗಿದರು. ಫಕೀರಪ್ಪ ಕಾಕಾನ ಬಾಯಿ ಖಾಲಿ ಇದೆ, ಅವನು ಇನ್ನೊಮ್ಮೆ ಮಾತಾಡಬಹುದು ಎನ್ನುವುದನ್ನು ಆ ಗದ್ದಲದಲ್ಲಿ ನಾನು ಮರೆತೇಬಿಟ್ಟಿದ್ದೆ. ಅವನು ಬಗ್ಗಿ ಬಂಡೆಯ ಹತ್ತಿರ ಬಂದಿದ್ದ, ಕಣ್ಣುಗಳು ಮಿನುಗುತ್ತಿದ್ದವು. ‘ಅದು ಗಾಳ. ಅದನ್ನ ತಿಂದ್ರ ಸಾಯ್ತಿ. ಹಿಂದಿನಿಂದ ಕಟ್ಟು’ ಎಂದ, ಹೇಳಿ ಮೊಳಕಾಲ ಮೇಲಿನ ಕಲ್ಲನ್ನು ಮತ್ತೆ ಬಾಯಿಗೆ ಹಾಕಿಕೊಂಡ.

ಈ ಸಲ ನಾನು ಅವನ ಮುಖ ನೋಡಬೇಕಾಗಲಿಲ್ಲ. ಹಿಂದಿನಿಂದ ಎಂದ ಕೂಡಲೇ ನನಗೆ ಇಡೀ ಮೂಲೆ ಬಾಗಿಲು ತೆರೆದಂತೆ ಕಂಡಿತು. ಎಲ್ಲ ಸಂದಿಗಳನ್ನೂ ನಾನೇ ನಡೆದಿದ್ದೆನಲ್ಲ, ಒಂದೇ ಒಂದು ಬಾಗಿಲು ತಪ್ಪಿಹೋಗಿತ್ತು, ಅವನು ಅದನ್ನೇ ತೋರಿಸಿದ್ದ. ಅದರ ಮುಂದಿನ ನಡೆ, ಅದರ ಮುಂದಿನದು, ಎಲ್ಲ ನನ್ನ ಹತ್ತಿರವೇ ಇದ್ದವು. ಹಿಂದಿನಿಂದ ಕಟ್ಟಿದೆ. ನಿಂಗರಾಜ ತಲೆಯ ಮೇಲೆ ಕೈಹೊತ್ತು ನೋಡಿದ, ನೋಡಿಯೇ ನೋಡಿದ. ಅವನು ಇಲ್ಲಿ ಬಂದರೆ ನನಗೆ ಅಲ್ಲಿ ಕಣ್ಣು, ಅಲ್ಲಿ ಬಂದರೆ ಇಲ್ಲಿ. ಮೂಲೆ ಬದುಕಿತ್ತು. ಹಪ್ಪಳದ ಓಣಿಯವರ ಕೂಗಿಗೆ ಚೌಕಿಯ ಪಾರಿವಾಳಗಳೆಲ್ಲ ಎದ್ದವು, ಅತ್ತೆ ದೇವರನ್ನು ಬಿಟ್ಟು ನೇರವಾಗಿ ನನ್ನ ಹೆಸರು ಹಿಡಿದು ಕೂಗಿದಳು.

ಆ ಕೂಗಿನ ನಡುವೆ ನಿಂಗರಾಜ ಒಂದು ಕರಿಕಲ್ಲು ತೆಗೆದುಕೊಂಡು ಹೋಗಿ ನಡುವೆ ಇಟ್ಟ. ಆಗ ನನಗೆ ತಿಳಿಯಿತು, ಕೂಗು ನನ್ನ ಬಾಯಲ್ಲೇ ನಿಂತಿತು. ಕಾಕಾ ಸುಮ್ಮನಿದ್ದಿದ್ದರೆ ಸಾಕಿತ್ತು. ನಾನು ಗಾಳ ನುಂಗುತ್ತಿದ್ದೆ, ನಿಂಗರಾಜ ಮೂಲೆಯನ್ನು ಕೊಲ್ಲುತ್ತಿದ್ದ, ಮರುಸರದಿ ನನ್ನದು. ಬೇರೆ ದಾರಿಯಿಲ್ಲದೆ ನಾನೇ ನಡುವಿಗೆ ಹೋಗಿ ಕುಂಬಾರ ಓಣಿಗೆ ಬಿಸಿಲು ಹಿಡಿಯುತ್ತಿದ್ದೆ. ಬಂಡೆಯನ್ನು ಅಂಗೈಯಂತೆ ಓದುವ ಮನುಷ್ಯನಿಗೆ ಇದು ಕಾಣದೆ ಇರಲಿಲ್ಲ. ಸಂಜೆಯವರೆಗೆ ಆಡಿದೆವು. ನಡುವಿನಲ್ಲಿ ನಾನು ಎಷ್ಟು ಹೆಣಗಿದರೂ ಒಂದು ಅಂಗುಲವೂ ಮರಳಿ ಬರಲಿಲ್ಲ.

ಮರುದಿನ ಬೆಳಿಗ್ಗೆ ನಮ್ಮ ಓಣಿಗೆ ಬಿಸಿಲು ಬಂತು. ತಲೆಬಾಗಿಲ ತನಕ ಬಂದು, ಹೊಸ್ತಿಲು ಹತ್ತಿ, ಪಡಸಾಲೆಯ ಕಂಬ ಮುಟ್ಟಿತು. ಮಂದಿ ಹಾಸಿಗೆ, ಕೌದಿ, ಮೆಣಸಿನಕಾಯಿ, ಕೂಸು, ಮುದುಕರು, ಏನೇನಿದೆಯೋ ಎಲ್ಲವನ್ನೂ ಹೊರಗೆ ತಂದು ಹಾಕಿದರು. ಹಿಟ್ಟು ಇನ್ನೂ ಹದಕ್ಕೆ ಬಂದಿರಲಿಲ್ಲ, ಅಷ್ಟಕ್ಕೂ ಕಾಯದೆ ಅತ್ತೆ ಲಟ್ಟಿಸಲು ಕುಳಿತಳು. ಯಾರೋ ನನ್ನನ್ನು ಎತ್ತಿಕೊಂಡು ಕುಣಿದರು. ನಾನೂ ನಕ್ಕೆ, ಕುಣಿದೆ, ಆಮೇಲೆ ಯಾರಿಗೂ ಹೇಳದೆ ಕುಂಬಾರ ಓಣಿಗೆ ಹೊರಟೆ.

ಓಣಿಯ ಬಾಯಲ್ಲಿ ಬಿಸಿಲು ಗೆರೆ ಕೊರೆದಂತೆ ನಿಂತಿತ್ತು, ದಾಟಿದರೆ ತಂಪು. ಫಕೀರಪ್ಪ ಕಾಕಾ ಚಕ್ರ ತಿರುಗಿಸುತ್ತಿದ್ದ. ಅವನ ಹಿರಿಮಗ ನನ್ನನ್ನು ಕಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಹಸಿ ಗಡಿಗೆಗಳು ಹಲಗೆಗಳ ಮೇಲೆ ಸಾಲಾಗಿ ಕುಳಿತಿದ್ದವು, ಒಣಗುವ ಲಕ್ಷಣವಿರಲಿಲ್ಲ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದಿದ್ದೆ, ಎಲ್ಲ ಮರೆತು, ಮೊದಲು ಹೇಳಿದ ಸಲಹೆ ನಿಜಕ್ಕೂ ಸರಿಯಿತ್ತೇ ಎಂದು ಕೇಳಿಬಿಟ್ಟೆ.

‘ಇತ್ತು,’ ಎಂದ ಕಾಕಾ, ಚಕ್ರ ನಿಲ್ಲಿಸದೆ. ‘ನಡುವಿಂದಽ ದೊಡ್ಡದು. ಇವತ್ತು ಕೇಳಿದ್ರೂ ಅದನ್ನಽ ಹೇಳ್ತೀನಿ.’

ಮೂಲೆ ಸತ್ತಿದೆ ಎಂದದ್ದು? ಅದು ತಾನು ಮೇಲೆ ಮೇಲೆ ನೋಡಿ ಆಡಿದ ಮಾತು ಎಂದು ಒಪ್ಪಿಕೊಂಡ. ಅಂಚಿನ ಆ ಜಾಗ ತನಗೆ ಕಂಡಿರಲಿಲ್ಲವಂತೆ, ನಾನು ಕಲ್ಲಿಟ್ಟ ಮೇಲೆ ಕಂಡಿತಂತೆ. ಅದನ್ನು ಹೇಳುವಾಗ ಅವನ ಮುಖದಲ್ಲಿ ಬೇಸರವಿರಲಿಲ್ಲ, ಹೊಸ ತಿಂಡಿ ತಿಂದವನ ಸಂತೋಷವಿತ್ತು.

‘ಮತ್ತ ಯಾಕ್ ಹೇಳಿದ್ರಿ ಕಾಕಾ? ನಾ ನಿಮ್ಮ ಕಲ್ಲ ಉಗುಳಿಸಿದ್ದೆ. ಸುಮ್ಮಿದ್ರ ನಿಮ್ಮ ಓಣಿ ಉಳೀತಿತ್ತು.’

ಅವನು ಆಗ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದ. ‘ನೀ ಅಲ್ಲಿ ಕಲ್ಲ ಇಟ್ಟಿ. ಇಟ್ಟ ಮ್ಯಾಲ ಅದಽ ನಮ್ಮ ಆಟ ಆತು. ನನ್ನ ಮಾತು ಕೇಳಲಿಲ್ಲ ಅಂತ ನಾ ನಿನ್ನ ಎದುರಿಗಿನಂವ ಆಗ್ತೀನೇನಽ ಯವ್ವಾ?’

ಕಣ್ಣೊರೆಸಿಕೊಂಡು ಸೆರಗು ಸುತ್ತಿ ಸಿಂಬೆ ಮಾಡಿದೆ, ಗಡಿಗೆಗಳ ಒಂದು ಹಲಗೆ ಎತ್ತಿ ತಲೆಯ ಮೇಲೆ ಇಟ್ಟುಕೊಂಡೆ. ನಮ್ಮ ಮಾಳಿಗೆಯ ತುಂಬ ಬಿಸಿಲು ಬಿದ್ದಿತ್ತು, ಹಪ್ಪಳ ಎಷ್ಟು ಹರವಿದರೂ ಜಾಗ ಉಳಿಯುತ್ತಿತ್ತು. ಓಣಿಯ ಬಾಯಿ ದಾಟುವಷ್ಟರಲ್ಲಿ ಹಿಂದಿನಿಂದ ಅವನ ದನಿ ಬಂತು: ‘ಒಮ್ಮಿಗೇ ಬಿಸಲಿಗೆ ಇಡಬ್ಯಾಡ, ಸೀಳ್ತಾವು. ಇವತ್ತ ಗ್ವಾಡಿ ನೆಳ್ಳಾಗ ಇಡು, ನಾಳಿಗೆ ಬಿಸಲಿಗೆ ಸರಸು.’

ಮಾಳಿಗೆ ಹತ್ತಿ ಗೋಡೆಯ ನೆರಳು ಎಲ್ಲಿದೆ ಎಂದು ನೋಡಿದೆ. ಒಂದೊಂದೇ ಗಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಿಟ್ಟು, ಇನ್ನೊಂದು ಹಲಗೆ ತರಲು ಕೆಳಗಿಳಿದೆ.